ಗ್ಲಾಸಿನ ಮೇಲಿನ ನಿಂಬೆಹೋಳು

ಆ ಹಾಳು ನಿಂಬೆಹೋಳು ಕಣ್ಣಿಗೆ ಬೀಳದಿದ್ದರೆ ಸಂಗಮೇಶ ಆ ಸಿ.ಡಿ.ಯ ತಂಟೆಗೇ ಹೋಗುತ್ತಿರಲಿಲ್ಲ. ಇನ್ನೂರು ಸಿದ್ಧ ವೆಬ್‌ಸೈಟುಗಳಿದ್ದ ಆ ಸಿ.ಡಿ.ಯನ್ನು ವಿಜಾಪುರದ ಅಂಗಡಿಯವ ಅವನಿಗೆ ಗಂಟುಹಾಕಿದ್ದ. ಇನ್ನೂರರಲ್ಲಿ ಒಂದೇ ಒಂದಕ್ಕೆ ನಿಂಬೆಯ ಚಿತ್ರ. ಇಂಡಿ ತಾಲೂಕಿನ ನಿಂಬೆ ಬೆಳೆಗಾರರ ಸಂಘಕ್ಕೆ ಇನ್ನೇನು ಬೇಕು? ಹೋಳು ಕೂತದ್ದು ಗ್ಲಾಸಿನ ಅಂಚಿನ ಮೇಲೆ. ಶರಬತ್ತೇ ಇರಬೇಕು ಎಂದುಕೊಂಡ ಪುಣ್ಯಾತ್ಮ, ಮೇಲಿನ ಹೆಸರು ತಿದ್ದಿ ಕೈತೊಳೆದುಕೊಂಡ. ಒಳಗಿನ ಪುಟ ತೆರೆದು ನೋಡುವಷ್ಟೂ ತಾಳ್ಮೆ ಇರಲಿಲ್ಲ.

ಎರಡು ಸಾವಿರದ ಮೂರರ ಆ ಸೋಮವಾರ ಅವನ ಹಣೆಬರಹದ ದಿನ. ಎರಡು ವರ್ಷದಿಂದ ಸಂಘದಲ್ಲಿ ಹಂಗಾಮಿ ಆಪರೇಟರ್. ವೆಬ್‌ಸೈಟ್ ಚೆನ್ನಾಗಿದ್ದರೆ ನೌಕರಿ ಕಾಯಂ. ಆರ್ಡರ್ ಟೈಪಾಗಿ ಅಧ್ಯಕ್ಷರ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಬೆಳಿಗ್ಗೆ ಹನ್ನೊಂದಕ್ಕೆ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದರು. ಕುಡಿದವರನ್ನು ಹೊಸ್ತಿಲು ಕೂಡ ತುಳಿಸದ ಅಧ್ಯಕ್ಷ ಶ್ರೀಶೈಲಪ್ಪ, ಹಣೆತುಂಬ ವಿಭೂತಿ ಧರಿಸಿ, ಭಕ್ತಿಯಿಂದ ಗುಂಡಿ ಒತ್ತಿದರು. ಪರದೆಯ ಮೇಲೆ ಸಾಲಾಗಿ ಬಾಟಲಿಗಳು ಬಂದು ನಿಂತವು.

"ಏನೋ ಇದು?"

"ಶ... ಶರಬತ್ ರೀ."

ಗುಮಾಸ್ತ ಬಸಂತರಾಯ ಚಾಳೀಸು ಮೂಗಿಗೇರಿಸಿದ. "ಶರಬತ್ತಲ್ರೀ, ವಿಸ್ಕಿ. ಇದು ಬಾರಿಂದು."

"ನಿಮಗ್ಹೆಂಗ ಗೊತ್ತು?" ಸಂಗಮೇಶ ಅವನತ್ತ ತಿರುಗಿಬಿದ್ದ.

"ನನಗ ಓದಾಕ ಬರ್ತೈತಲ್ಲಪಾ."

"ನಿನ್ನ ಹೆಣಾ ಎತ್ಲಿ!" ಶ್ರೀಶೈಲಪ್ಪ ಗುಡುಗಿದರು. "ಸಂಘ ಮಾಡಂದ್ರ ಬಾರ್ ತಗದಿಯಲ್ಲೋ! ಐದಕ್ಕ ಕಮಿಟಿ ಕೂಡ್ತೈತಿ. ಅಷ್ಟರಾಗ ಸರಿ ಆಗಲಿಲ್ಲ, ಆರ್ಡರ್ ಹರದ ಒಗೀತೇನಿ!"

ಸಂಗಮೇಶ ಬಾಟಲಿ ಅಳಿಸಿದ, ಅರ್ಧ ಪುಟ ಮಾಯ. ಗ್ಲಾಸು ತೆಗೆದ, ಸಂಘದ ಹೆಸರೇ ತಳಕ್ಕೆ ಕುಸಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾರೋ ಕಟ್ಟಿದ ಮನೆ, ಯಾವ ಕಂಬದ ಮೇಲೆ ಯಾವ ತೊಲೆ ನಿಂತಿದೆಯೋ ಇವನಿಗೇನು ಗೊತ್ತು? ವಿಜಾಪುರಕ್ಕೆ ಫೋನು ಹಚ್ಚಿದರೆ, "ನಾ ಬರೇ ಮಾರಾಂವ ರೀ, ಮಾಡಿದಾಂವ ಯಾವನೋ" ಎಂದು ಅಂಗಡಿಯವ ಇಟ್ಟುಬಿಟ್ಟ.

ಬೆನ್ನ ಹಿಂದೆ ಬಸಂತರಾಯನ ಉಪದೇಶ ಬೇರೆ. "ಬಂದ್ ಮಾಡಿ ಚಾಲೂ ಮಾಡು. ಇಲ್ಲಾ, ಬಾಟ್ಲಿಗೆ ಹಸರ ಬಣ್ಣಾ ಹಚ್ಚು, ಉಪ್ಪಿನಕಾಯಿ ರಸ ಅಂತಾರ."

"ಬಸಂತರಾಯ್ರ, ಸುಮ್ನ ಕುಂದರ್ತೀರೋ, ಎದ್ದು ಬರ್ಲೋ?"

ಸಂಗಮೇಶನಿಗೆ ಮೈಯೆಲ್ಲ ಉರಿಯಿತು. ಸಿ.ಡಿ.ಯನ್ನು ಮುರಿದು ಕಿಟಕಿಯಿಂದಾಚೆ ಬೀಸಿದ. ಖಾಲಿ ಪುಟ ತೆರೆದು, ಊಟ ಬಿಟ್ಟು, ಹಲ್ಲು ಕಡಿಯುತ್ತ ಒಂದೊಂದೇ ಸಾಲು ತಾನೇ ಬರೆದ. ಬೆಳೆ, ಬೆಳೆಗಾರರು, ಪಕ್ಕದ ಸಾಲೋಟಗಿ ಊರಿನ ತೋಟದ ಫೋಟೊ, ದಿನದ ಧಾರಣೆ, ಎಲ್ಲ ಅವನದೇ ಕೈಯಿಂದ.

ಐದಕ್ಕೆ ಕಮಿಟಿ ಬಾಯಿ ತೆರೆದು ನೋಡಿತು.

"ಶಾಬಾಸ್! ಈಗ ಖರೇ ನಮ್ಮದಾತು ನೋಡು," ಶ್ರೀಶೈಲಪ್ಪ ಪೆನ್ನು ತೆಗೆದರು. "ಇದನ್ನ ನಡಸೂದು ಭಾಳ ಕಠಿಣ ಏನು?"

ಸಂಗಮೇಶನ ಎದೆ ಉಬ್ಬಿತು. "ಏನೂ ಇಲ್ರಿ! ಹಂಗ ಕಟ್ಟೇನ್ರಿ. ಧಾರಣಿ ಹೊಡದು ಒಂದ್ ಗುಂಡಿ ಒತ್ತಿದ್ರ ಆತು. ನಮ್ಮ ಬಸಂತರಾಯ್ರೂ ನಡಸ್ತಾರ್ರಿ!"

ಕಮಿಟಿಯವರು ಮುಖ ಮುಖ ನೋಡಿಕೊಂಡರು. ಶ್ರೀಶೈಲಪ್ಪ ಪೆನ್ನಿನ ಟೊಪ್ಪಿಗೆ ಹಾಕಿ, ಆರ್ಡರನ್ನು ನಿಧಾನಕ್ಕೆ ಎರಡು ಹೋಳು ಮಾಡಿದರು.

"ಹಂಗಿದ್ರ ಕಾಯಂ ಆಪರೇಟರ್ ಯಾಕ ಬೇಕೋ ತಮ್ಮಾ?"

ಬಸಂತರಾಯ ಆಗಲೇ ಬಂದು ಕುರ್ಚಿಯ ಬೆನ್ನು ಹಿಡಿದಿದ್ದ. "ಏಳಪಾ ಸಂಗು. ಎಲ್ಲಿ ಒತ್ತೂದು ತೋರ್ಸು. ಹೋಗೂ ಮುಂದ ಸಿಂದಗಿ ಸಂಘದವರಿಗೂ ಇದರದೊಂದು ಸಿ.ಡಿ. ಮಾಡಿಟ್ಟು ಹೋಗು."