ಸಾಯಲು ಒಂದು ದಿನದ ರಜೆ

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದಲ್ಲಿದ್ದ ಫೋನು 'ಟಿಣ್' ಎಂದಿತು. ದೊಡ್ಡ ಸದ್ದೇನಲ್ಲ, ಲೋಟಕ್ಕೆ ಚಮಚ ತಾಗಿದಷ್ಟು. ಆದರೆ ಆ ಹೊತ್ತಿಗೆ ಬರುವ ಸುದ್ದಿ ಎಂಥದ್ದೆಂದು ಗುಮಾಸ್ತನಿಗೆ ಚೆನ್ನಾಗಿ ಗೊತ್ತು. ಜನನ-ಮರಣ ನೋಂದಣಿ ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ಮರಣದ ಕಿಟಕಿಯ ಹಿಂದೆ ಕೂತವನು ಅವನು. ತಡಕಾಡಿ ಕನ್ನಡಕ ಹಾಕಿಕೊಂಡು ಓದಿದ. ಬರೆದವನು ಭಾಮೈದ.

'ಭಾವ, ನಾಳೆ ಸಾಯೋಕಾಗುತ್ತಾ? ಬೆಳಗ್ಗೆ ಹತ್ತಕ್ಕೆ. ಅರ್ಧ ಗಂಟೆ ಕೆಲಸ ಅಷ್ಟೇ.'

"ಯಾರು ಹೋದ್ರಂತೆ?" ಹೆಂಡತಿ ಕಣ್ಣು ಬಿಡದೆ ಕೇಳಿದಳು.

"ಯಾರೂ ಇಲ್ಲ. ನಾನೇ. ನಾಳೆ ಹತ್ತಕ್ಕೆ."

"ಹಾಗಾದ್ರೆ ಬೇಗ ಮಲಕ್ಕೊಳ್ಳಿ," ಎಂದು ಅವಳು ಮಗ್ಗುಲು ಬದಲಿಸಿದಳು.

ಭಾಮೈದ ಆ ತಿಂಗಳು ಒಂದು ಸಿನಿಮಾಕ್ಕೆ ಸಹಾಯಕ ನಿರ್ದೇಶಕನಾಗಿದ್ದ. ದೂರದ ಆಕಾಶದಲ್ಲಿ ಕೆಟ್ಟು ನಿಂತ ನೌಕೆ, ಒಳಗೆ ನಾಲ್ಕು ಜನ, ಜೊತೆಗೆ ಎಲ್ಲಿಂದಲೋ ಹತ್ತಿಕೊಂಡ ಒಂದು ಜಂತು. ಅದು ಒಬ್ಬೊಬ್ಬರನ್ನಾಗಿ ತಿನ್ನುತ್ತದೆ. ಮೊದಲು ಸಾಯಬೇಕಾದ ಎಂಜಿನಿಯರಿಗೆ ನಿಜವಾಗಿಯೂ ಜ್ವರ ಬಂದದ್ದರಿಂದ ಭಾವನ ನೆನಪಾಗಿತ್ತು. ಗುಮಾಸ್ತ ಕಾಲೇಜಿನ ನಾಟಕದಲ್ಲಿ ದ್ವಾರಪಾಲಕನಾಗಿ ಒಂದೇ ಒಂದು ಮಾತು ಆಡಬೇಕಿದ್ದು, ಅದನ್ನೂ ಮರೆತು ಒಳಗೆ ಬಂದವನು. ಸಾಯುವ ಪಾತ್ರದಲ್ಲಿ ಮಾತೇ ಇಲ್ಲ ಎಂದಾಗ ಅವನ ಮನಸ್ಸು ಅರಳಿತು.

ಅಡ್ಡಿ ಒಂದೇ, ಮೇಡಂ. ಕಚೇರಿಯ ಮುಖ್ಯಸ್ಥೆ ಆ ವಾರವೇ ಅವನ ಬಡ್ತಿಗೆ ವರದಿ ಬರೆಯುವವರಿದ್ದರು. ಹಿಂದೆ ಎರಡು ಸಲ ಸುಳ್ಳು ರಜೆಯಲ್ಲಿ ಸಿಕ್ಕಿಬಿದ್ದಿದ್ದಾಗ ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು: "ಮೂರನೇದು ಸಿಕ್ರೆ, ಈ ಕಿಟಕಿಯಲ್ಲೇ ನಿಮ್ಮ ನಿವೃತ್ತಿ." ಆದರೂ ಬೆಳಗ್ಗೆ ಆರಕ್ಕೆ ಅವನು ಫೋನಿನಲ್ಲಿ ಬರೆದು ಕಳಿಸಿದ: 'ಮೇಡಂ, ರಾತ್ರಿಯಿಂದ ಹೊಟ್ಟೆ ಕೆಟ್ಟಿದೆ. ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ವಿನಂತಿ.' ಉತ್ತರ ಬರಲಿಲ್ಲ.

ನೌಕೆ ನಿಂತಿದ್ದದ್ದು ಬಾಗಿಲು ಮುಚ್ಚಿ ವರ್ಷಗಳಾದ ಒಂದು ಐಸ್ ಕಾರ್ಖಾನೆಯೊಳಗೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಬೆಳ್ಳಿ ಬಣ್ಣ ಬಳಿದಿದ್ದರು. ಬಾಟಲಿ ಮುಚ್ಚಳಗಳೇ ಗುಂಡಿಗಳು. ಇದ್ದದ್ದು ಒಂದೇ ಓಣಿ. ಎಡದಿಂದ ನಡೆದರೆ ಎಂಜಿನ್ ಕೋಣೆಗೆ ಹೋದಂತೆ, ಬಲದಿಂದ ನಡೆದರೆ ಮಲಗುವ ಕೋಣೆಗೆ ಹೋದಂತೆ, ಓಡಿದರೆ ದಾರಿ ತಪ್ಪಿದಂತೆ. ಗುಮಾಸ್ತನಿಗೆ ಕಾರಿಗೆ ಹೊದಿಸುವ ಬೆಳ್ಳಿ ಹೊದಿಕೆಯಿಂದ ಹೊಲಿದ ಉಡುಪು ತೊಡಿಸಿದರು. ಹೆಜ್ಜೆ ಇಟ್ಟರೆ ಯಾರೋ ಚಿಪ್ಸ್ ಪೊಟ್ಟಣದೊಳಗೆ ಕೈ ಹಾಕಿದ ಹಾಗೆ ಸದ್ದಾಗುತ್ತಿತ್ತು.

"ಅಲ್ಲ ಸಾರ್, ಕತೆ ಆಕಾಶದಲ್ಲೇ ಯಾಕೆ ನಡೀಬೇಕು?" ಎಂದು ಅವನು ನಿರ್ದೇಶಕನನ್ನು ಕೇಳಿದ.

ನಿರ್ದೇಶಕ ನಿನ್ನೆ ಮೊನ್ನೆಯವರೆಗೂ ಮದುವೆಯ ವಿಡಿಯೋ ತೆಗೆಯುತ್ತಿದ್ದ ಹುಡುಗ. "ಊರು ತೋರಿಸಿದ್ರೆ ಜನ ಬೇಕು, ಗಾಡಿ ಬೇಕು, ಪರ್ಮಿಷನ್ ಬೇಕು. ಆಕಾಶದಲ್ಲಿ ಏನೂ ಇಲ್ಲ. ಏನೂ ಇಲ್ಲದ್ದನ್ನ ತೋರಿಸೋಕೆ ಬೇಕಾದ ಸಾಮಾನೆಲ್ಲ ನಮ್ಮ ಹತ್ರ ಇದೆ," ಎಂದ.

ಮೂಲೆಯಲ್ಲಿ ಜಂತು ನಿಂತಿತ್ತು. ಹಳೆಯ ಸೋಫಾದ ರೆಕ್ಸಿನ್ ಮೈ, ಸೈಕಲ್ ಟ್ಯೂಬಿನ ಕರುಳು, ಪ್ಲಾಸ್ಟಿಕ್ ಚಮಚದ ಹಲ್ಲು, ಜೊಲ್ಲಿಗೆ ಶಾಂಪೂ. ಗುಮಾಸ್ತ ನಮಸ್ಕಾರ ಮಾಡಿದರೆ ಅದು ಅಲ್ಲಾಡಲಿಲ್ಲ.

"ಅವರು ಯಾರ ಹತ್ರಾನೂ ಮಾತಾಡಲ್ಲ ಭಾವ," ಭಾಮೈದ ಪಿಸುಗುಟ್ಟಿದ. "ತಲೆ ಹಾಕ್ಕೊಂಡೇ ಬರ್ತಾರೆ, ತಲೆ ಹಾಕ್ಕೊಂಡೇ ಹೋಗ್ತಾರೆ. ದೊಡ್ಡ ಕಲಾವಿದರು ಅಂತ ಕಾಣುತ್ತೆ."

ಹತ್ತು ಗಂಟೆಗೆ ಗುಮಾಸ್ತ ಸಾಯಲು ಸಿದ್ಧನಾಗಿ ನಿಂತ. ಅಷ್ಟರಲ್ಲಿ ನೌಕೆಯ ಕ್ಯಾಪ್ಟನ್ ಮುಂದೆ ನುಗ್ಗಿದ. ಅವನು ಔಷಧಿ ಅಂಗಡಿಯವನು. "ಹನ್ನೊಂದಕ್ಕೆ ಅಂಗಡಿ ತೆಗೀಬೇಕು. ಕಾಯಿಲೆಯವರು ಬಾಗಿಲಲ್ಲಿ ನಿಂತಿರ್ತಾರೆ. ನನ್ನನ್ನ ಮೊದಲು ಮುಗಿಸಿಬಿಡಿ."

"ಪಾಳಿ ನನ್ನದು ಸ್ವಾಮಿ," ಎಂದ ಗುಮಾಸ್ತ.

"ನಿಮ್ಮನ್ನ ಯಾರೂ ಕಾಯ್ತಿಲ್ಲವಲ್ಲ?"

ಜಂತು ಗುಮಾಸ್ತನನ್ನು ಒಂದು ಗಳಿಗೆ ದಿಟ್ಟಿಸಿತು. ನಿರ್ದೇಶಕನ ತೋಳು ಜಗ್ಗಿ ಕಿವಿಯಲ್ಲಿ ಏನೋ ಉಸುರಿತು. "ಕ್ಯಾಪ್ಟನ್ನೇ ಮೊದಲು!" ಎಂದ ನಿರ್ದೇಶಕ. ಔಷಧಿ ಅಂಗಡಿಯವನು ಬಾಯಿ ತೆರೆದು ಸತ್ತು, ಅದೇ ಬಾಯಲ್ಲಿ ಆಟೋ ಕರೆದುಕೊಂಡು ಹೋದ. ಸತ್ತವನ ಮುಖವನ್ನು ಹತ್ತಿರದಿಂದ ತೆಗೆಯುವಾಗ ನಿರ್ದೇಶಕ ಹಳೆಯ ಅಭ್ಯಾಸದಿಂದ "ಸ್ವಲ್ಪ ನಗಿ ಸಾರ್" ಎಂದಿದ್ದ. ಅವನು ನಕ್ಕಿದ್ದ. ಎರಡನೇ ಸಲ ತೆಗೆಯುವಷ್ಟು ಹೊತ್ತಿರಲಿಲ್ಲವಾದ್ದರಿಂದ, ಆ ಚಿತ್ರದಲ್ಲಿ ಕ್ಯಾಪ್ಟನ್ ಸಂತೋಷದಿಂದ ಸತ್ತ.

ಹನ್ನೆರಡಾಯಿತು, ಒಂದಾಯಿತು. "ಸಾರ್, ನನ್ನ ಸಾವು?" ಎಂದು ಗುಮಾಸ್ತ ಮೂರನೇ ಸಲ ಕೇಳಿದಾಗ ನಿರ್ದೇಶಕ ತಲೆ ಎತ್ತದೆ ಹೇಳಿದ: "ಕೂತ್ಕೊಳ್ಳಿ, ಕರೀತೀವಿ. ಆಗದಿದ್ರೆ ನಾಳೆ ಬನ್ನಿ."

ಗುಮಾಸ್ತ ಬೆಚ್ಚಿಬಿದ್ದ. ಆ ಮಾತನ್ನು ಅವನು ಹನ್ನೆರಡು ವರ್ಷ, ದಿನಕ್ಕೆ ಮೂವತ್ತು ಸಲ ಆಡಿದ್ದ. ಕಿಟಕಿಯ ಈ ಕಡೆಯಿಂದ ಅದು ಹೀಗೆ ಕೇಳಿಸುತ್ತದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಎರಡು ಗಂಟೆಗೆ ಕಚೇರಿಯಿಂದ ಫೋನು. ಟಪಾಲು ನೋಡಿಕೊಳ್ಳುವ ಅಕ್ಕ. ಕಚೇರಿಯಲ್ಲಿ ಕಾಗದಕ್ಕಿಂತ ಮೊದಲು ಸುದ್ದಿ ಹಂಚುವುದು ಅವಳ ಪದ್ಧತಿ.

"ಹೊಟ್ಟೆ ಹೇಗಿದೆಯಪ್ಪಾ? ಹುಷಾರು. ಮೇಡಂ ಡೈರಿಯಲ್ಲಿ 'ಕ್ಷೇತ್ರ ತಪಾಸಣೆ' ಅಂತ ಬರೆದಿಟ್ಟು ಹೋಗಿದ್ದಾರೆ. ಎಲ್ಲಿಗೆ ಅಂತ ಇಲ್ಲ. ಸುಳ್ಳು ರಜೆಯವರ ಮನೆಮನೆಗೂ ಹೋಗ್ತಾರಂತೆ."

ಅಷ್ಟರಲ್ಲಿ ಧ್ವನಿಪೆಟ್ಟಿಗೆಯಿಂದ ಜಂತುವಿನ ಗರ್ಜನೆ ಪರೀಕ್ಷಿಸಿದರು. ಛಾವಣಿಯ ತಗಡು ನಡುಗಿತು.

"ಅದೇನು ಸದ್ದು?"

"ಹೊಟ್ಟೆ ಅಕ್ಕ."

"ಅಯ್ಯೋ ದೇವರೇ! ಇಷ್ಟೊಂದಾ? ಡಾಕ್ಟರ ಹತ್ರ ಹೋಗೋ ಮಾರಾಯ!"

ಗುಮಾಸ್ತ ತಕ್ಷಣ ಮನೆಗೆ ಫೋನು ಮಾಡಿದ. ಮೇಡಂ ಬಂದರೆ ಡಾಕ್ಟರ ಹತ್ತಿರ ಹೋಗಿದ್ದಾರೆ ಅನ್ನು ಎಂದ. "ಸರಿ, ಸತ್ತು ಬೇಗ ಬನ್ನಿ. ಬರುವಾಗ ಹಾಲು ತನ್ನಿ," ಎಂದಳು ಹೆಂಡತಿ.

ಮುಂದಿನ ಸಾವು ನೌಕೆಯ ವೈದ್ಯನದು. ವೈದ್ಯನಾಗಿದ್ದವನು ಕ್ಷೌರದ ಅಂಗಡಿಯವನು. ಕ್ಯಾಪ್ಟನ್ ಕೂರುತ್ತಿದ್ದ ತಿರುಗುವ ಕುರ್ಚಿ ಅವನದೇ ಆದ್ದರಿಂದ ಪಾತ್ರ ಸಿಕ್ಕಿತ್ತು. "ಮೂರಕ್ಕೆ ಕುರ್ಚಿ ವಾಪಸ್ ಹೋಗ್ಬೇಕು, ನಾನೂ ಅದರ ಹಿಂದೇನೇ," ಎಂದು ಅವನು ಅದರಲ್ಲೇ ಕೂತು, "ಸೀಟಿನ ಮೇಲೆ ಶಾಂಪೂ ಬೀಳಿಸ್ಬೇಡಿ" ಎಂದು ಜಂತುವಿಗೆ ಎಚ್ಚರಿಕೆ ಕೊಟ್ಟು ಸತ್ತ. ಪಕ್ಕದಲ್ಲಿ ಹೆದರಿ ನಿಲ್ಲಬೇಕಾಗಿದ್ದ ಗುಮಾಸ್ತ ಇದೇ ಸಮಯವೆಂದು ಎದೆ ಹಿಡಿದುಕೊಂಡು ದೊಪ್ಪನೆ ಬಿದ್ದ.

"ಕಟ್! ನೀವ್ಯಾಕೆ ಬಿದ್ರಿ?"

"ಸತ್ತೆ ಸಾರ್. ಹೃದಯಾಘಾತ."

"ಸ್ಕ್ರಿಪ್ಟಲ್ಲಿ ಇಲ್ಲ!"

"ಹೃದಯಾಘಾತಕ್ಕೆ ಸ್ಕ್ರಿಪ್ಟ್ ಯಾಕೆ ಸಾರ್? ನಮ್ಮ ರಿಜಿಸ್ಟರಲ್ಲಿ ದಿನಕ್ಕೆ ನಾಲ್ಕು ಬರ್ತವೆ."

"ಯಾರನ್ನ ಕೇಳಿ ಸತ್ರಿ? ಏಳಿ ಮೇಲೆ!"

ಜಂತುವಿನ ಹೊಟ್ಟೆ ಕುಲುಕಿತು. ನಗುತ್ತಿದೆಯೋ ಕೆಮ್ಮುತ್ತಿದೆಯೋ ತಿಳಿಯಲಿಲ್ಲ.

ಇನ್ನುಳಿದವಳು ನೌಕೆಯ ವಿಜ್ಞಾನಿ, ಟ್ಯೂಷನ್ ಮಿಸ್. ಕತೆಯ ಪ್ರಕಾರ ಕೊನೆಯವರೆಗೆ ಬದುಕಿ ಜಂತುವನ್ನು ಎದುರಿಸುವವಳು ಅವಳೇ. ನಾಲ್ಕು ಗಂಟೆಗೆ ಅವಳ ಫೋನು ಬಡಿದುಕೊಂಡಿತು. ಮಾತಾಡಿ ಮುಗಿಸಿ ನೇರವಾಗಿ ಬಂದಳು.

"ಮಕ್ಕಳ ಪರೀಕ್ಷೆ ಒಂದು ವಾರ ಮುಂಚೆ ಇಟ್ಟುಬಿಟ್ಟಿದ್ದಾರೆ. ನಾಳೆಯಿಂದ ಬರೋಕಾಗಲ್ಲ. ನನ್ನನ್ನ ಇವತ್ತೇ ಸಾಯಿಸಿ."

"ಮಿಸ್, ನೀವು ಹೀರೋಯಿನ್! ಇನ್ನೂ ಹತ್ತು ದಿನ ನೀವೂ ಜಂತೂ ಇಬ್ಬರೇ!"

"ಹದಿನೆಂಟು ತಾಯಂದಿರಿಗೆ ನೀವು ಉತ್ತರ ಹೇಳ್ತೀರಾ?"

ನಿರ್ದೇಶಕ ಜಂತುವನ್ನು ನೋಡಿದ. ಅವಳಿಗೆ ಹೆದರಿದಷ್ಟು ಅವನು ಅದಕ್ಕೆ ಹೆದರಿರಲಿಲ್ಲ. ಮಿಸ್ ಒಂದೇ ಸಲಕ್ಕೆ ಅಚ್ಚುಕಟ್ಟಾಗಿ ಸತ್ತು, ಚಪ್ಪಲಿ ಮೆಟ್ಟಿ ಹೊರಟಳು.

ಎಲ್ಲರೂ ಗುಮಾಸ್ತನ ಕಡೆ ತಿರುಗಿದರು.

"ಉಳಿದಿರೋದು ನೀವೊಬ್ರೇ," ನಿರ್ದೇಶಕ ಅವನ ಎರಡೂ ಕೈ ಹಿಡಿದುಕೊಂಡ. "ಅಂದ್ರೆ ನೀವೇ ಹೀರೋ!"

ಒಂದು ಕ್ಷಣ ಗುಮಾಸ್ತ ಮನಸ್ಸಿನಲ್ಲೇ ಊರ ಗೋಡೆಯ ಪೋಸ್ಟರಿನಲ್ಲಿ ತನ್ನ ಮುಖವನ್ನು ಕಂಡ. ಮರುಕ್ಷಣವೇ ಆ ಪೋಸ್ಟರಿನ ಮುಂದೆ ಮೇಡಂ ನಿಂತು ಓದುತ್ತಿರುವುದೂ ಕಂಡಿತು. "ಬೇಡ ಸಾರ್, ಕೈ ಮುಗೀತೀನಿ. ನನ್ನನ್ನ ಇವತ್ತೇ ಕೊಂದುಬಿಡಿ."

"ಭಾವ, ಜನ ಬದುಕೋಕೆ ಒದ್ದಾಡ್ತಾರೆ, ನೀವು..."

"ಅವರಿಗೆ ಬಡ್ತಿ ಬಾಕಿ ಇರಲ್ಲ ಕಣೋ!"

ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ಎದ್ದ. "ಸರಿ, ಸಾಯಿರಿ. ನಲವತ್ತು ನಿಮಿಷಕ್ಕೆ ಸಿನಿಮಾ ಮುಗಿಯುತ್ತೆ. ಯಾಕೆ ಮುಗೀತು ಅಂತ ಯಾರಿಗೂ ಅರ್ಥ ಆಗಲ್ಲ. ಪ್ರಶಸ್ತಿಗಾದ್ರೂ ಕಳಿಸ್ತೀನಿ."

ದೀಪಗಳು ಕೆಂಪಾದವು. ಗುಮಾಸ್ತ ಓಣಿಯ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತ. ಕೊನೆಗೂ ಸಾವು ಬಂತಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು. ರೆಕ್ಸಿನ್ ಕೈ ಕತ್ತನ್ನು ಹಿಡಿದು ತಿರುಗಿಸಿತು. ಚಮಚದ ಹಲ್ಲುಗಳು ಕಿವಿಯ ಹತ್ತಿರ ಬಂದವು. ಒಳಗಿನಿಂದ ಸಣ್ಣ, ತಣ್ಣಗಿನ, ತುಂಬ ಪರಿಚಯದ ದನಿಯೊಂದು ಕೇಳಿತು:

"ಹೊಟ್ಟೆ ಈಗ ಹೇಗಿದೆ?"

ಗುಮಾಸ್ತ ಕಿರುಚಿದ. ಕಾರ್ಖಾನೆಯ ಛಾವಣಿಯಿಂದ ಪಾರಿವಾಳಗಳು ಹಾರಿದವು. ಗೋಡೆಯ ಎರಡು ಟ್ರೇ ಕಳಚಿ ಬಿದ್ದವು.

"ಕಿರುಚಿದ್ದು ಸಾಕು. ಸಾಯೋ ಹಾಗಿಲ್ಲ. ಕೈ ಬಿಡಿಸ್ಕೊಂಡು ಓಡಿ," ಎಂದಿತು ದನಿ.

ಹನ್ನೆರಡು ವರ್ಷ ಆ ದನಿ ಹೇಳಿದ್ದನ್ನು ಮಾಡಿದ ಕಾಲುಗಳು ಅವು. ಯಜಮಾನನನ್ನು ಕೇಳದೆಯೇ ಓಡಿದವು.

"ತಪ್ಪಿಸ್ಕೊಂಡ! ಅದ್ಭುತ! ಹೀರೋ ಬದುಕಿಬಿಟ್ಟ!" ಎಂದು ನಿರ್ದೇಶಕ ಕುಣಿದಾಡುವುದು ಹಿಂದಿನಿಂದ ಕೇಳುತ್ತಿತ್ತು.

ಗುಮಾಸ್ತ ನಿಂತದ್ದು ಜನರೇಟರ್ ಕೋಣೆಯಲ್ಲಿ. ಜಂತು ನಿಧಾನವಾಗಿ ಒಳಗೆ ಬಂದು ಬಾಗಿಲು ಹಾಕಿ, ತಲೆ ಕಳಚಿ ಮೇಜಿನ ಮೇಲಿಟ್ಟಿತು. ಬೆವರಿಗೆ ಅಂಟಿದ ನರೆಗೂದಲು, ಮಂಜಾದ ಕನ್ನಡಕ. ಮೇಡಂ.

"ಕೂತ್ಕೊಳ್ಳಿ," ಎಂದರು. ಅವನು ಕೂತ. ಕೂರಲು ಏನೂ ಇಲ್ಲವೆಂದು ಆಮೇಲೆ ಗೊತ್ತಾಯಿತು.

ನಿರ್ದೇಶಕ ತಮ್ಮ ಮಹಡಿ ಮೇಲಿನ ಮನೆಯ ಹುಡುಗ ಎಂದು ಮೇಡಂ ಹೇಳಿದರು. ವೇಷ ಹೊಲಿದವನು ಅಳತೆ ತಪ್ಪಿ ಉದ್ದ ಹೊಲಿದುಬಿಟ್ಟಿದ್ದನಂತೆ. ಬೀದಿಯಲ್ಲೆಲ್ಲ ಅಷ್ಟು ಎತ್ತರದವರು ಇವರೊಬ್ಬರೇ.

"ಮೂವತ್ತೊಂದು ವರ್ಷ ಫೈಲುಗಳ ಮೇಲೆ 'ಪರಿಶೀಲಿಸಿ ಮಂಡಿಸಿ' ಅಂತ ಬರೆದೆ ಕಣ್ರೀ," ಮೇಡಂ ಸೆರಗಿಲ್ಲದ ರೆಕ್ಸಿನ್ ಮೈಯಲ್ಲಿ ಕನ್ನಡಕ ಒರೆಸಲು ಜಾಗ ಹುಡುಕಿದರು. "ಇವತ್ತೊಂದೇ ದಿನ ಮೂರು ಜನರನ್ನ ತಿಂದೆ. ಮೈ ಎಷ್ಟು ಹಗುರಾಗಿದೆ ಅಂತೀರಿ!"

ಗುಮಾಸ್ತನ ಬುದ್ಧಿ ತಡವಾಗಿ ಚುರುಕಾಯಿತು. "ಮೇಡಂ, ಹಾಗಂದ್ರೆ ತಾವೂ ಇವತ್ತು ಕಚೇರಿ ಬಿಟ್ಟು..."

"ನಾನು ಕ್ಷೇತ್ರ ತಪಾಸಣೆಯಲ್ಲಿದೀನಿ. ಸುಳ್ಳು ರಜೆಯವರ ಪತ್ತೆಗೆ. ಪತ್ತೆ ಆಗಿದೆ. ನನ್ನ ಡೈರಿ ಸರಿಯಾಗಿದೆ."

ಚುರುಕಾದ ಬುದ್ಧಿ ಮತ್ತೆ ಮಲಗಿತು.

"ಈಗ ಕೇಳಿ. ನೀವು ಸತ್ರೆ ಸಿನಿಮಾ ಮುಗೀತು. ಸಿನಿಮಾ ಮುಗಿದ್ರೆ ನಾಳೆ ಬೆಳಗ್ಗೆ ನಾನು ಮತ್ತೆ ಆ ಫೈಲುಗಳ ಮುಂದೆ. ಅದಕ್ಕೇ ಬೆಳಗ್ಗೆಯಿಂದ ನಿಮ್ಮ ಸಾವನ್ನ ತಳ್ಳುತ್ತಾ ಬಂದೆ. ಇನ್ನೂ ಹತ್ತು ದಿನ ನೀವು ಓಡಬೇಕು, ನಾನು ಅಟ್ಟಿಸ್ಕೊಂಡು ಬರಬೇಕು."

"ರಜೆ ಮೇಡಂ?"

"ಕೊಡೋದು ನಾನೇ ಅಲ್ವೇನ್ರೀ? ಹತ್ತು ದಿನ, ಹೊಟ್ಟೆ ತೊಂದರೆ. ಮಂಜೂರು."

ಗುಮಾಸ್ತನ ಎದೆಯಿಂದ ಕಲ್ಲು ಇಳಿದಂತಾಯಿತು. ಕಿಟಕಿ ಇಲ್ಲ, ಸಿಕ್ಕಿಬೀಳುವ ಭಯವಿಲ್ಲ, ಹೀರೋ ಬೇರೆ. ಧೈರ್ಯ ಬಂದು ಕೇಳಿಯೇಬಿಟ್ಟ. "ಹಾಗಾದ್ರೆ ಬಡ್ತಿಯ ವರದಿ, ಮೇಡಂ..."

ಮೇಡಂ ನಿಟ್ಟುಸಿರು ಬಿಟ್ಟರು. ನಿಜವಾಗಿಯೂ ನೊಂದವರಂತೆ ಕಂಡರು.

"ನಾನೂ ಅದನ್ನೇ ಯೋಚಿಸ್ತಿದೀನಿ. ಒಂದೇ ತಿಂಗಳಲ್ಲಿ ಹನ್ನೊಂದು ದಿನ ರಜೆ ಹಾಕಿದವರನ್ನ ಶಿಫಾರಸು ಮಾಡೋಕೆ ನನ್ನ ಮನಸ್ಸಾಕ್ಷಿ ಒಪ್ಪಲ್ಲ. ನೀವೇ ಹೇಳಿ, ಒಪ್ಪುತ್ತಾ?"

"ಒಪ್ಪಲ್ಲ ಮೇಡಂ," ಎಂದ ಗುಮಾಸ್ತ. ಅಭ್ಯಾಸಬಲ.

ಬಸ್ ನಿಲ್ದಾಣದಲ್ಲಿ ಅಕ್ಕನ ಫೋನು ಮತ್ತೆ ಬಂತು. ಅವಳ ಹಿಂದೆ ಇಡೀ ಕಚೇರಿ ಕಿವಿಯಾಗಿ ನಿಂತಿರುವುದು ಉಸಿರಿನಲ್ಲೇ ತಿಳಿಯುತ್ತಿತ್ತು. "ಮೇಡಂ ಈಗ ಫೋನು ಮಾಡಿದ್ರು, ಯಾರನ್ನೋ ಹಿಡಿದಿದ್ದಾರಂತೆ ಕಣೋ! ಎಲ್ಲಿ, ಯಾರನ್ನ, ಏನಾದ್ರೂ ಗೊತ್ತಾ?"

ಗುಮಾಸ್ತನ ನಾಲಿಗೆಯ ತುದಿಗೆ ಎಲ್ಲವೂ ಬಂತು. ಆಮೇಲೆ ಲೆಕ್ಕ ಹಾಕಿದ. ಹೇಳಿದರೆ ಯಾರೂ ನಂಬುವುದಿಲ್ಲ. ನಂಬಿದರೆ ವಿಚಾರಣೆ ನಡೆಯುತ್ತದೆ, ವಿಚಾರಣೆಯ ಅಧಿಕಾರಿ ಮೇಡಮ್ಮೇ ಆಗಿರುತ್ತಾರೆ.

"ಇಲ್ಲ ಅಕ್ಕ, ನನಗೇನು ಗೊತ್ತು? ಇಡೀ ದಿನ ಹಾಸಿಗೆ ಬಿಟ್ಟು ಎದ್ದಿಲ್ಲ," ಎಂದು ಫೋನು ಇಟ್ಟ. ಹೆಂಡತಿಗೂ ಹೇಳುವುದು ಬೇಡ, ಭಾಮೈದನಿಗಂತೂ ಬೇಡವೇ ಬೇಡ ಎಂದು ತೀರ್ಮಾನಿಸಿಕೊಂಡು, ಬಂದ ಬಸ್ಸಿಗೆ ಕೈ ಅಡ್ಡ ಹಿಡಿದ.