ಅಷ್ಟೆಲ್ಲ ಬೇಡ, ಹನ್ನೊಂದು ಸಾಕು

ನಮ್ಮ ಷಡ್ಡಕರಿಗೆ ಚೌಕಾಸಿ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತದೆ, ಬಹಳ ಚೆನ್ನಾಗಿ ಬರುತ್ತದೆ. ಆದರೆ ಉಲ್ಟಾ ಬರುತ್ತದೆ! ಎದುರಿಗಿರುವವರು ತಾವಾಗಿಯೇ ಇಪ್ಪತ್ತು ಕೊಡುತ್ತೇವೆ ಎಂದರೆ, ಅಷ್ಟೆಲ್ಲ ಬೇಡ, ಎಂಟು ಸಾಕು ಎಂದು ವಾದಿಸಿ ಇಳಿಸುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಬರಿಗೈಯಲ್ಲಿ ಬಂದು ಚಾಮರಾಜಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ತೆರೆದು, ಚಿಕ್ಕಪೇಟೆಯ ಹೋಲ್‌ಸೇಲ್ ವ್ಯಾಪಾರಿಗಳ ಬೆವರಿಳಿಸಿದ ನಾನೇ ಕಂಡಿರಲಿಲ್ಲ, ನನ್ನ ಹೆಂಡತಿಯ ಅಕ್ಕನ ಗಂಡನನ್ನು ನೋಡುವ ತನಕ.

ಅವರು ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತೊಂಬತ್ತರ ದಶಕದ ಮಾತು ಇದು. ಆಗ ಬಸವನಗುಡಿಯಲ್ಲಿ ಮಕ್ಕಳ ಹೆಸರು ಕೇಳುವುದಕ್ಕಿಂತ ಮೊದಲು ರ‍್ಯಾಂಕು ಕೇಳುತ್ತಿದ್ದರು. ನಮ್ಮ ಷಡ್ಡಕರ ಕ್ಲಾಸಿನಲ್ಲಿ ಮಾತ್ರ ಆ ಪದಕ್ಕೆ ಪ್ರವೇಶವಿಲ್ಲ. ಟೆಸ್ಟ್ ಮುಗಿದ ಮೇಲೆ ಒಬ್ಬೊಬ್ಬರನ್ನೂ ಮೇಜಿನ ಹತ್ತಿರ ಕರೆದು, ಅವರವರ ಉತ್ತರ ಪತ್ರಿಕೆ ಬಿಡಿಸಿಟ್ಟು, ಮುಂದಿನ ಟೆಸ್ಟಿಗೆ ಅವರವರದೇ ಗುರಿ ಗೊತ್ತು ಮಾಡುವುದು ಅವರ ಪದ್ಧತಿ. ಇಪ್ಪತ್ತೈದಕ್ಕೆ ಆರು ತೆಗೆದ ಹುಡುಗಿ ಹೆದರಿಕೊಂಡು ಮುಂದಿನ ಸಲ ಇಪ್ಪತ್ತು ತೆಗೆಯುತ್ತೇನೆ ಅನ್ನುತ್ತಾಳೆ. ಇವರು, ‘ದುಬಾರಿ ಆಯ್ತಲ್ಲಮ್ಮ, ಎಂಟು ಮಾಡ್ಕೊಳೋಣ’ ಅನ್ನುತ್ತಾರೆ. ಅವಳು ಹದಿನೈದಕ್ಕೆ ಬರುತ್ತಾಳೆ. ಇವರು ಎಂಟಕ್ಕೇ ಗಟ್ಟಿ. ಕೊನೆಗೆ ಒಂಬತ್ತಕ್ಕೆ ಒಪ್ಪಂದ. ಇಂಥವರನ್ನು ನನ್ನ ಗಲ್ಲಾಪೆಟ್ಟಿಗೆಯ ಹಿಂದೆ ಅರ್ಧ ದಿನ ಕೂರಿಸಿದರೆ ಅಂಗಡಿಯ ಶಟರನ್ನೇ ಕಳಚಿ ಮಾರಬೇಕಾಗುತ್ತದೆ!

ಸ್ಕೂಲಿನ ಹುಚ್ಚು ಸ್ಕೂಲಿನಲ್ಲೇ ಇರಬಾರದೇ? ಒಂದು ಸಂಜೆ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಇಬ್ಬರೂ ದೋಸೆ ತಿಂದೆವು. ಚೆನ್ನಾಗಿರಲಿಲ್ಲ. ನಾನಾದರೆ ಇನ್ನೊಂದು ದೋಸೆ ಬಿಟ್ಟಿ ಹಾಕಿಸಿಕೊಂಡು ಬರುತ್ತಿದ್ದೆ. ನೀವೂ ಹಾಗೇ ಮಾಡಿ, ನಾಚಿಕೆ ಪಡಬೇಡಿ. ಇವರು ಕೈ ತೊಳೆದು ಬಂದು, ಅಂಚು ಗರಿಯಾಗಿದೆ, ನಡುಭಾಗ ಬೆಂದಿಲ್ಲ, ಮುಂದಿನ ವಾರದ ತನಕ ನಡುಭಾಗ ಒಂದನ್ನೇ ನೋಡ್ಕೊ, ಚಟ್ನಿಗೆ ಈಗಲೇ ಕೈ ಹಾಕಬೇಡ ಎಂದು ದೋಸೆಯವನಿಗೆ ಗುರಿ ಕೊಟ್ಟರು. ಅವನು ನನ್ನನ್ನು ಪಕ್ಕಕ್ಕೆ ಕರೆದು, ‘ಯಾರಣ್ಣ ಇವ್ರು, ಕಾರ್ಪೊರೇಷನ್ನೋರಾ?’ ಎಂದ. ಮರುವಾರ ಹೋದರೆ ನಡುಭಾಗ ಬೆಂದಿತ್ತು. ಚಟ್ನಿ ಹಳೆಯದೇ. ಕೇಳಿದರೆ, ‘ಸಾರೇ ಮುಟ್ಟಬೇಡ ಅಂದಿದ್ರಲ್ಲಣ್ಣ’ ಎಂದುಬಿಟ್ಟ!

ಅವರ ಹೆಂಡತಿ ಮೊಪೆಡ್ ಕಲಿಯಲು ಹೊರಟಾಗಲೂ ಅಷ್ಟೇ. ಮೊದಲ ದಿನ ಒಂದು ಪರೀಕ್ಷೆ. ಗಾಡಿಗೆ ಸ್ಟ್ಯಾಂಡ್ ಹಾಕಲು ಬರುವುದಿಲ್ಲ ಎಂದು ತಿಳಿಯಿತು. ಸರಿ, ಆ ವಾರದ ಗುರಿ ಸ್ಟ್ಯಾಂಡ್ ಮಾತ್ರ. ಪಾಪ, ಅತ್ತಿಗೆ ಒಂದು ವಾರವಿಡೀ ಸೆರಗು ಸಿಕ್ಕಿಸಿಕೊಂಡು ಗೇಟಿನ ಮುಂದೆ ಗಾಡಿಯನ್ನು ಸ್ಟ್ಯಾಂಡಿಗೆ ಎತ್ತಿದರು, ಇಳಿಸಿದರು. ಅವರ ಎದುರು ಮನೆಯವರು ಇದು ಯಾವುದೋ ವ್ರತ ಇರಬೇಕು ಅಂದುಕೊಂಡಿದ್ದರಂತೆ.

ಇಷ್ಟರ ತನಕ ನನಗೆ ನಗು. ಆಮೇಲೆ ನನ್ನ ಮಗಳು ಅವರದೇ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿಗೆ, ಅವರ ಕೈಗೇ ಬಂದಳು. ಮಿಕ್ಕ ವಿಷಯಗಳಲ್ಲಿ ಪರವಾಗಿಲ್ಲ, ಗಣಿತ ಮಾತ್ರ ಸೊನ್ನೆಯ ಪಕ್ಕದ ಮನೆ. ಆ ಸ್ಕೂಲಿಗೆ ಹತ್ತನೇ ಕ್ಲಾಸಿನಲ್ಲಿ ನೂರಕ್ಕೆ ನೂರು ಫಲಿತಾಂಶ ಎಂಬ ಹೆಸರಿತ್ತು. ಆ ಹೆಸರು ಹೇಗೆ ಉಳಿಯುತ್ತಿತ್ತು ಎಂದರೆ, ಫೇಲಾಗಬಹುದು ಅನ್ನಿಸಿದ ಮಕ್ಕಳಿಗೆ ಒಂಬತ್ತರಲ್ಲೇ ಟೀಸಿ ಕೊಟ್ಟು ಕಳಿಸಿಬಿಡುತ್ತಿದ್ದರು. ವ್ಯಾಪಾರದ ಕಣ್ಣಿನಲ್ಲಿ ನೋಡಿದರೆ ತಪ್ಪೇನಿಲ್ಲ, ಮುಕ್ಕಾದ ಮಾಲನ್ನು ಶೋಕೇಸಿನಲ್ಲಿ ನಾನೂ ಇಡುವುದಿಲ್ಲ. ಮಾಲು ನನ್ನ ಮನೆಯದೇ ಆದಾಗ ಮಾತ್ರ ಆ ಲೆಕ್ಕ ಹಿಡಿಸಲಿಲ್ಲ.

ಮೊದಲ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಒಂಬತ್ತು. ಹಣ್ಣು ಹಿಡಿದುಕೊಂಡು ಅವರ ಮನೆಗೆ ಹೋದೆ. ನೇರವಾಗಿ ಕೇಳುವ ಹಾಗಿಲ್ಲವಲ್ಲ, ಅಲ್ಲೊಂದು ಇಲ್ಲೊಂದು ಅರ್ಧ ಮಾರ್ಕು ಉದಾರವಾಗಿ ಬಿದ್ದರೆ ಆಕಾಶವೇನೂ ಬೀಳುವುದಿಲ್ಲ ಎಂದು ಸುತ್ತಿ ಬಳಸಿ ಹೇಳಿದೆ. ಅವರು ಹಣ್ಣನ್ನು ಅತ್ತಿಗೆಯ ಕೈಗೆ ಕೊಟ್ಟರು, ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು.

‘ನೋಡು, ಮೊದಲನೇ ಸಾಲು ಸರಿ, ಎರಡನೇದು ಸರಿ. ಸಮ ಚಿಹ್ನೆ ದಾಟಿಸೋವಾಗ ಮಾತ್ರ ಪ್ಲಸ್ಸನ್ನ ಮೈನಸ್ ಮಾಡೋದು ಮರೀತಾಳೆ. ಎಲ್ಲಾ ಲೆಕ್ಕದಲ್ಲೂ ಅದೇ ಜಾಗ. ಹುಡುಗಿ ದಡ್ಡಿಯಲ್ಲ ಕಣಯ್ಯ, ಬಾಗಿಲಲ್ಲಿ ಎಡವ್ತಿದಾಳೆ.’

‘ಹಾಗಾದ್ರೆ ಮುಂದಿನ ಸಲಕ್ಕೆ ಇಪ್ಪತ್ತು ಅಂತ ಇಡಿ ಭಾವ.’

‘ಅಷ್ಟೆಲ್ಲ ಬೇಡ, ಹನ್ನೊಂದು ಸಾಕು.’

ನಾನು ಹದಿನೆಂಟಕ್ಕೆ ಇಳಿದೆ, ಹದಿನಾರಕ್ಕೆ ಬಂದೆ, ಎದ್ದು ಹೊರಟಂತೆ ನಟಿಸಿದೆ. ಈ ನಟನೆಗೆ ಚಿಕ್ಕಪೇಟೆಯಲ್ಲಿ ಕರಗದವರಿಲ್ಲ. ಅವರು ನನ್ನ ಚಪ್ಪಲಿಯನ್ನು ತಾವೇ ತಿರುಗಿಸಿಟ್ಟು, ಮಳೆ ಬರೋ ಹಾಗಿದೆ, ಬೇಗ ಹೊರಡು ಎಂದರು! ಹುಟ್ಟಿ ನಲವತ್ತು ವರ್ಷದಲ್ಲಿ ಮೊದಲ ಸಲ ನಾನು ಚೌಕಾಸಿಯಲ್ಲಿ ಸೋತೆ.

ಮಗಳಿಗೆ ಕೊಟ್ಟ ಕೆಲಸ ಅದೊಂದೇ: ದಾಟಿದ ಕೂಡಲೇ ವೇಷ ಬದಲಾಯಿಸು. ಮನೆಯಲ್ಲಿ ಅದೇ ಜಪ. ಗಾಂಧಿಬಜಾರಿನಲ್ಲಿ ರಸ್ತೆ ದಾಟುವಾಗಲೂ ಅವಳು ಗೊಣಗುತ್ತಿದ್ದಳು. ಮುಂದಿನ ಟೆಸ್ಟಿನಲ್ಲಿ ಹನ್ನೆರಡು ಬಂತು. ಒಪ್ಪಂದಕ್ಕಿಂತ ಒಂದು ಜಾಸ್ತಿ! ಹುಡುಗಿ ಆವತ್ತು ಯಾರೂ ಹೇಳದೆಯೇ ಪುಸ್ತಕ ಹಿಡಿದು ಕೂತಳು. ಆಮೇಲೆ ಇನ್ನೊಂದು ಬಾಗಿಲು, ಇನ್ನೊಂದು ಸಣ್ಣ ಗುರಿ.

ಆದರೂ ವರ್ಷದ ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತೊಂಬತ್ತು. ಪಾಸಿಗೆ ಮೂವತ್ತೈದು ಬೇಕು. ಹೆಡ್‌ಮಾಸ್ಟರು ಕರೆಸಿದರು. ಮಗಳನ್ನು ನಿಲ್ಲಿಸಿಕೊಂಡು, ಹತ್ತನೇ ಕ್ಲಾಸಿನಲ್ಲಿ ಎಷ್ಟು ತೆಗೀತೀಯ ಎಂದು ಕೇಳಿದರು. ನಾನು ಅವರ ಬೆನ್ನ ಹಿಂದಿನಿಂದ ಎಂಟು ಬೆರಳು ಎತ್ತಿ ತೋರಿಸಿದೆ. ಮಾತು ಕೊಡುವಾಗ ಕಂಜೂಸಿತನ ಮಾಡಬಾರದು, ಇದು ನನ್ನ ಅನುಭವದ ಮಾತು. ಅವಳು ನನ್ನ ಬೆರಳುಗಳನ್ನು ನೋಡಿದಳು, ಪಕ್ಕದಲ್ಲಿದ್ದ ದೊಡ್ಡಪ್ಪನನ್ನು ನೋಡಿದಳು.

‘ನಲವತ್ತು ಸಾರ್’ ಎಂದಳು.

ನಾನು ಎಂಟೂ ಬೆರಳು ಮಡಚಿ ಕೈ ಇಳಿಸಿದೆ. ಹೆಡ್‌ಮಾಸ್ಟರು ಕನ್ನಡಕ ಸರಿ ಮಾಡಿಕೊಂಡರು. ಇಲ್ಲಿ ನಿಂತವರೆಲ್ಲ ಎಂಬತ್ತು ಅನ್ನುತ್ತಾರೆ, ನಲವತ್ತು ಎಂದವಳು ಇವಳೊಬ್ಬಳೇ ಎಂದರು. ನಮ್ಮ ಷಡ್ಡಕರು ಆ ವರ್ಷದ ಪತ್ರಿಕೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಎಲ್ಲಿ ಎಡವುತ್ತಿದ್ದಳು, ಎಲ್ಲಿ ಎಡವುವುದು ನಿಂತಿತು ಎಂದು ತೋರಿಸಿದರು. ಹೆಡ್‌ಮಾಸ್ಟರು ಒಂದೊಂದನ್ನೂ ತಿರುವಿ ನೋಡಿ, ನಿಮ್ಮ ಜವಾಬ್ದಾರಿ ಮೇಷ್ಟ್ರೇ ಎಂದು ಟೀಸಿಯನ್ನು ಬದಿಗೆ ಸರಿಸಿದರು.

ಮುಂದಿನ ವರ್ಷ ಫಲಿತಾಂಶ ಬಂದಾಗ ಗಣಿತದಲ್ಲಿ ಮೂವತ್ತೆಂಟು. ಪಾಸು! ಆದರೆ ಆ ಅಂಕಿಯನ್ನು ಹೊರಗೆ ಹೇಳುವುದು ಹೇಗೆ? ನಮ್ಮ ಎದುರು ಮನೆಯ ಹುಡುಗನಿಗೆ ತೊಂಬತ್ತೇಳು. ‘ಪಾಸಾದಳು’ ಎಂದಷ್ಟೇ ಹೇಳಿ ಮಾತು ತಿರುಗಿಸಬೇಕು ಎಂದು ಹೆಂಡತಿಗೂ ಹೇಳಿಕೊಟ್ಟು ಬಾಗಿಲು ಮುಂದಕ್ಕೆ ಹಾಕಿ ಕೂತಿದ್ದೆ. ಅಷ್ಟರಲ್ಲಿ ಷಡ್ಡಕರು ಪೇಡದ ಡಬ್ಬ ಹಿಡಿದು ನಮ್ಮ ತ್ಯಾಗರಾಜನಗರದ ಬೀದಿಯ ಆ ತುದಿಯಿಂದ ಮನೆ ಮನೆಗೂ ಹಂಚುತ್ತ ಬಂದರು. ನಮ್ಮ ಹುಡುಗಿ ಮೂವತ್ತೆಂಟು ತೆಗೆದಳು ಎಂದು ಹೇಳುವುದು ಒಳಗೇ ಕೇಳಿಸುತ್ತಿತ್ತು. ಯಾರೋ ಐವತ್ತಕ್ಕಾ ಎಂದು ಕೇಳಿದರು. ಇವರು ಒಂದಿಷ್ಟೂ ದನಿ ತಗ್ಗಿಸದೆ, ನೂರಕ್ಕೆ ಎಂದರು.

ಒಳಗೆ ಬಂದಾಗ ಮಗಳು ಅವರ ಮುಂದೆ ತಲೆ ತಗ್ಗಿಸಿ ನಿಂತಳು.

‘ಎರಡು ಕಮ್ಮಿ ಆಯ್ತು ದೊಡ್ಡಪ್ಪ.’

‘ಆ ಎರಡು ನಂದಮ್ಮ’ ಎಂದರು ಅವರು. ‘ಕೊನೇ ಪಾಠ ನಿಂಗೆ ಇನ್ನೊಂದ್ಸಲ ಹೇಳ್ಕೊಡ್ಬೇಕಿತ್ತು, ನಾನು ಬಿಟ್ಟೆ. ನಿಂದು ನೀನು ಪೂರ್ತಿ ತೆಗ್ದಿದೀಯ.’

ಅವಳು ತಲೆ ಎತ್ತಿ, ಡಬ್ಬದಿಂದ ಒಂದು ಪೇಡ ತೆಗೆದುಕೊಂಡಳು. ನಾನು ಏನಾದರೂ ಬುದ್ಧಿ ಹೇಳೋಣವೆಂದಿದ್ದೆ. ಅದನ್ನು ಬಿಟ್ಟು ಎದ್ದು ಹೋಗಿ ಬಾಗಿಲನ್ನು ಅಗಲವಾಗಿ ತೆರೆದೆ. ಎದುರು ಮನೆಯವರು ಗೇಟಿನ ಹತ್ತಿರ ಬಂದು ನಿಂತಿದ್ದರು. ಅವರು ಕೇಳುವ ತನಕ ನಾನು ಕಾಯಲಿಲ್ಲ.

‘ಮೂವತ್ತೆಂಟು ಕಣ್ರೀ’ ಎಂದೆ.