ಸುಮೋ ದೇವರು ಊರಿಗೆ ಹೋದ ಮೇಲೆ

ಪರದೇಶದಲ್ಲಿರುವವರನ್ನು ತಾವು ಓಡಾಡಿ ಬೆಳೆದ ಜಾಗಗಳು ಕಾಡುತ್ತವಂತೆ. ನನ್ನ ಕಥೆ ಸ್ವಲ್ಪ ಬೇರೆ. ನನ್ನನ್ನು ಕಾಡುವುದು ನಾನು ಒಮ್ಮೆಯೂ ಕಾಲಿಡದ ಜಾಗ. ಸಿಂಗಪುರದ ಕನ್ನಡಿಗರು ಸೇರಿದ ಕಡೆ ಒಬ್ಬರು ಕರದಂಟನ್ನೋ ಇನ್ನೊಬ್ಬರು ಗೋಳಿಬಜೆಯನ್ನೋ ನೆನೆದು ಕಣ್ಣು ಒದ್ದೆ ಮಾಡಿಕೊಂಡರೆ ನಾನು ಸುಮ್ಮನೆ ಹೂಂಗುಟ್ಟುತ್ತೇನೆ. ಒಮ್ಮೆ ಮನಸ್ಸು ತಡೆಯದೆ "ನನಗೆ ಗರಡಿಮನೆ ಮಣ್ಣಿನ ನೆನಪಾಗುತ್ತೆ" ಎಂದುಬಿಟ್ಟೆ. "ನೀವು ಕುಸ್ತಿ ಆಡ್ತಿದ್ರಾ ಮೇಡಂ?" ಎಂದು ಒಬ್ಬರು ಕೇಳಿದರು. ಲಿಫ್ಟ್ ಕೆಟ್ಟರೆ ಎರಡನೇ ಮಹಡಿಗೆ ಏದುಸಿರು ಬಿಡುತ್ತಾ ಹತ್ತುವ, ಪಾಯಾ ಲೆಬಾರ್‌ನ ಆಫೀಸಿನ ಕುರ್ಚಿಯಲ್ಲಿ ಕೂತು ಕೂತೇ ಸೊಂಟ ಅಗಲವಾದ ನನ್ನನ್ನು ನೋಡಿಕೊಂಡೇ ಕೇಳಿದ ಪ್ರಶ್ನೆ ಅದು. ಅವರ ತುಟಿಯ ಮೇಲಿದ್ದ ನಗುವನ್ನು ನಾನು ಕ್ಷಮಿಸಿದ್ದೇನೆ. ಅಂದಿನಿಂದ ಯಾರಾದರೂ ಕೇಳಿದರೆ ನಾನೂ ಕರದಂಟು ಎಂದೇ ಹೇಳುತ್ತೇನೆ.

ನಮ್ಮದು ಗೋಕಾಕದ ಕಡೆಯ ಊರು. ಅಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ, ಬೆಳಿಗ್ಗೆ ಸಂಜೆ ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ವಸ್ತಾದ. ಗರಡಿಯ ಕೆಮ್ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ಮಜ್ಜಿಗೆ, ಅರಿಸಿನ, ಎಣ್ಣೆ, ನಿಂಬೆಹಣ್ಣಿನ ರಸ ಎಲ್ಲ ಕಲಸಿ ಹದ ಮಾಡುತ್ತಿದ್ದ. ನಮ್ಮ ಮನೆಯಲ್ಲಿ ಬೆಂಡೆಕಾಯಿ ಪಲ್ಯಕ್ಕೂ ಅಷ್ಟು ಉಪಚಾರ ಇರಲಿಲ್ಲ. ಅಪ್ಪನಿಗೆ ಬಾದಾಮಿ ಹಾಲು ಒಯ್ಯುವ ಕೆಲಸ ನನ್ನದು. ಆದರೆ ಹೊಸ್ತಿಲವರೆಗೆ ಮಾತ್ರ. "ಒಳಗ ಹನುಮಪ್ಪ ಅದಾನವ್ವಾ. ಬ್ರಹ್ಮಚಾರಿ. ನೀ ಅಲ್ಲೇ ನಿಂದ್ರು" ಎನ್ನುತ್ತಿದ್ದ ಅಪ್ಪ. ಹೊಸ್ತಿಲಲ್ಲಿ ನಿಂತರೆ ಒಳಗಿನಿಂದ ತಂಪಾದ, ಹುಳಿಹುಳಿಯಾದ ಮಣ್ಣಿನ ವಾಸನೆ ಬರುತ್ತಿತ್ತು. ಯಾರೋ ಧೊಪ್ಪೆಂದು ಬಿದ್ದ ಸದ್ದು ಬರುತ್ತಿತ್ತು. ನನ್ನ ತಮ್ಮನನ್ನು ಮಾತ್ರ ಅಪ್ಪ ರಟ್ಟೆ ಹಿಡಿದು ಒಳಗೆ ಕರೆದೊಯ್ಯುತ್ತಿದ್ದ. ಒಳಗೆ ಬಿಡಲಿಲ್ಲವೆಂದು ನಾನು ಅಳುತ್ತಿದ್ದೆ, ಒಳಗೆ ಹೋಗಬೇಕಲ್ಲ ಎಂದು ಅವನು ಅಳುತ್ತಿದ್ದ. ಅವನೀಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ; ಮಣ್ಣು ಕಂಡರೆ ಇವತ್ತಿಗೂ ಚಪ್ಪಲಿ ಝಾಡಿಸುತ್ತಾನೆ.

ಅಪ್ಪ ಈ ಸಲ ನಮ್ಮ ಬ್ಯೂನಾ ವಿಸ್ಟಾದ ಕಾಂಡೋ ಫ್ಲಾಟಿಗೆ ಬಂದಾಗ ಬಹಳ ದಿನ ಇರಬೇಕೆಂದೇ ಬಂದಿದ್ದ. ಬಂದ ಮೊದಲ ಬೆಳಿಗ್ಗೆಯೇ ಸುತ್ತ ಒಂದು ರೌಂಡ್ ಹಾಕಿ ಬಂದು, "ಅಲ್ಲವ್ವಾ, ಈ ಊರಾಗ ಮಣ್ಣ ಎಲ್ಲಿ ಮುಚ್ಚಿಟ್ಟಾರ?" ಎಂದು ಕೇಳಿದ. ನಾನು ಹುಲ್ಲುಹಾಸು ತೋರಿಸಿದೆ. ಅದನ್ನು ಕಾಲಿನಿಂದ ಒತ್ತಿ ನೋಡಿ, ಕಾರ್ಪೆಟ್ ಅಂಗಡಿಯಲ್ಲಿ ಗಿರಾಕಿ ಮುಖ ಮಾಡುವಂತೆ ಮುಖ ಮಾಡಿದ. ಎರಡನೇ ವಾರ ನಿಜವಾದ ತೊಂದರೆ ಶುರುವಾಯಿತು. ಅಪ್ಪ ಲಂಗೋಟಿ ಕಟ್ಟಿಕೊಂಡು ಸ್ವಿಮ್ಮಿಂಗ್ ಪೂಲ್ ಪಕ್ಕದಲ್ಲಿ ದಂಡ, ಬಸ್ಕಿ ಹೊಡೆಯುತ್ತಿದ್ದ. ಸೆಕ್ಯುರಿಟಿ ಗಾರ್ಡ್ ಬಂದು ತುಂಬಾ ಮರ್ಯಾದೆಯಿಂದ, "ಅಂಕಲ್, ಪ್ರಾಪರ್ ಡ್ರೆಸ್ ಪ್ಲೀಸ್" ಎಂದನಂತೆ. ಸಂಜೆಯೊಳಗೆ ಮ್ಯಾನೇಜ್‌ಮೆಂಟ್‌ನವರಿಂದ ನನಗೆ ಇಮೇಲ್ ಬಂತು.

"ಈಜಾವ್ರು ಹಾಕ್ಕೊಂಡಿದ್ದು ನನ್ನ ಲಂಗೋಟಿಗಿಂತ ಸಣ್ಣದೈತಿ. ಅವರಿಗ್ಯಾಕ ಹೇಳೂದಿಲ್ಲ?" ಎಂದ ಅಪ್ಪ. ನಾನು ಆ ಇಮೇಲಿಗೆ ಸಾರಿ ಎಂದು ಬರೆದು ಕಳಿಸಿದೆ. ಅಂದಿನಿಂದ ಅಪ್ಪ ವ್ಯಾಯಾಮ ಬಿಟ್ಟು ಬಾಲ್ಕನಿಯಲ್ಲಿ ಕೂತ. ಊಟ ಅರ್ಧಕ್ಕಿಳಿಯಿತು. ಒಂದು ದಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನನ್ನ ಟಿಕೆಟ್ ಮುಂಚಿಗಿ ಮಾಡಸವ್ವ. ಇಲ್ಲಿ ಎಲ್ಲಾ ಚಂದ ಐತಿ. ನನಗ ಮಾಡಾಕ ಏನೂ ಇಲ್ಲ" ಎಂದ. ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿದವನು ಈಗ ತಾನೇ ಹೊಸ್ತಿಲಲ್ಲಿ ನಿಂತಿದ್ದಾನೆ ಎಂದು ನನಗೆ ಅನ್ನಿಸಿತು. ಸೇಡು ತೀರಿದ ಸಂತೋಷ ಆಗಬೇಕಿತ್ತೇನೋ. ಆಗಲಿಲ್ಲ. ತಟ್ಟೆಯನ್ನು ಮತ್ತೆ ಅವನ ಮುಂದೆ ಸರಿಸಿದೆ.

ದಾರಿ ತೋರಿಸಿದವರು ನನ್ನ ಗಂಡ ಸುಧಾಕರ. ಉಡುಪಿಯವರು, ಎಲ್ಲ ಸಮಸ್ಯೆಗೂ ಊಟದ ಮೂಲಕವೇ ದಾರಿ ಹುಡುಕುವವರು. ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ಜಪಾನಿ ಆಹಾರ ಮೇಳ, ಜೊತೆಗೆ ಸುಮೋ ಪ್ರದರ್ಶನ ಎಂದು ಫೋನಿನಲ್ಲಿ ನೋಡಿ, "ಮಾವಂಗೆ ಇದು ಕರೆಕ್ಟಾಗಿದೆ ನೋಡು. ಬುಕ್ ಮಾಡ್ಲಾ? ಫಿಶ್ ಕೂಡ ಚೆನ್ನಾಗಿರತ್ತೆ ಅಲ್ಲಿ" ಎಂದರು. ಮೊದಲ ವಾಕ್ಯ ಮಾವನ ಮೇಲಿನ ಪ್ರೀತಿಗೆ, ಕೊನೆಯದು ಸತ್ಯಕ್ಕೆ.

ಒಳಗೆ ಹೋದರೆ ಹಾಲ್‌ನ ನಡುವೆ ನಿಜವಾದ ಮಣ್ಣಿನ ಜಗಲಿ. ಅದರ ಮೇಲೆ ಹುಲ್ಲಿನ ಹಗ್ಗ ಹೂತು ಮಾಡಿದ ದುಂಡನೆಯ ಕಣ. ಅಪ್ಪ ನಮ್ಮಿಬ್ಬರನ್ನೂ ಬಿಟ್ಟು ಮುಂದೆ ಮುಂದೆ ನಡೆದ. ಜಗಲಿಯ ಅಂಚನ್ನು ಬೆರಳಿನಿಂದ ತಟ್ಟಿ, "ಗಚ್ಚು ಹಾಕಿದಂಗ ಬಡದಾರ. ಮಣ್ಣು ಅಂದ್ರ ಬಿದ್ದಾವನ್ನ ಹಿಡ್ಕೋಬೇಕು. ಇದರಾಗ ಬಿದ್ರ ಎಲುಬು ಉಳಿಯೂದಿಲ್ಲ" ಎಂದು ತೀರ್ಪು ಕೊಟ್ಟ. ಅಷ್ಟರಲ್ಲಿ ಮಲ್ಲರು ಬಂದರು. ಬರೀ ಮೈ, ಸೊಂಟಕ್ಕೆ ಸುತ್ತಿದ ದಪ್ಪ ಪಟ್ಟಿ. ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿ, "ಇವರಿಗೆ ಯಾವ ಗಾರ್ಡೂ ಏನೂ ಅನ್ನಂಗಿಲ್ಲ ನೋಡು" ಎಂದ. ಅವರು ಕಣಕ್ಕೆ ಹಿಡಿಹಿಡಿ ಉಪ್ಪು ಎರಚಿದಾಗ, "ಉಪ್ಪಿನಕಾಯಿ ಹಾಕ್ತಾರೇನು?" ಎಂದು ಕೇಳಿದ. ಕಣ ಶುದ್ಧ ಮಾಡುವ ಪದ್ಧತಿ ಅದು ಎಂದು ಮೈಕ್ ಹಿಡಿದ ಜಪಾನಿ ಹೆಣ್ಣುಮಗಳು ವಿವರಿಸಿದಳು. ಆಮೇಲೆ ಅದೇ ಮೆದು ದನಿಯಲ್ಲಿ, ಕಣದೊಳಗೆ ದೇವರು ಇರುವುದರಿಂದ ಸಂಪ್ರದಾಯದಂತೆ ಹೆಂಗಸರು ಅದರ ಮೇಲೆ ಹತ್ತುವಂತಿಲ್ಲ, ದಯವಿಟ್ಟು ಸಹಕರಿಸಿ ಎಂದಳು. ಆಗ ಗಮನಿಸಿದೆ, ಅವಳೂ ಜಗಲಿಯ ಕೆಳಗೇ ನಿಂತಿದ್ದಳು. ಅಪ್ಪ ನನ್ನ ಕಡೆ ತಿರುಗಿದ. ಅಷ್ಟು ಸಮುದ್ರ ದಾಟಿ ಬಂದರೂ ನನಗೆ ಸಿಕ್ಕಿದ್ದು ಹನುಮಪ್ಪನ ಬಳಗದ ಇನ್ನೊಬ್ಬ ದೇವರೇ.

ಆಟಗಳೆಲ್ಲ ಮುಗಿದ ಮೇಲೆ, ಪ್ರೇಕ್ಷಕರಲ್ಲಿ ಯಾರಾದರೂ ಗಂಡಸರು ಒಂದು ಕೈ ನೋಡುತ್ತೀರಾ ಎಂದು ಆಕೆ ಕೇಳಿದಳು. ಕೆಲವು ಹುಡುಗರು ನಗುತ್ತ ಎದ್ದರು. ಅವರ ನಡುವೆ ಎಪ್ಪತ್ತು ದಾಟಿದ ಅಪ್ಪನೂ ಪ್ಯಾಂಟ್ ಮಡಚಿಕೊಳ್ಳುತ್ತ ಎದ್ದ.

"ಅಪ್ಪಾ, ಮೊಣಕಾಲ ಆಪರೇಷನ್ ಆಗೇತಿ ನಿನಗ."

"ಒಂದ ಮೊಣಕಾಲಿಗೆ ಆಗೇತಿ. ಇನ್ನೊಂದು ಐತಲ್ಲ."

ನಾನು ಸುಧಾಕರರ ತೋಳು ಹಿಡಿದು ಅಲುಗಿಸಿದೆ. "ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದೀವಲ್ಲ, ಬಿಡು" ಎಂದರು ಅವರು. ಮೈಕ್ ಹಿಡಿದವಳು ಅಪ್ಪನ ತಲೆಯ ಬಿಳಿ ಕೂದಲು ನೋಡಿ ಅಡ್ಡ ಬಂದಳು. ಆದರೆ ಕಣದ ಮೇಲಿದ್ದ ನಡುವಯಸ್ಸಿನ ನಿವೃತ್ತ ಮಲ್ಲ ಬಗ್ಗಿ ಅಪ್ಪನ ಕಿವಿಯನ್ನೇ ದಿಟ್ಟಿಸಿದ. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮುದ್ದೆಯಾದ ಕಿವಿ ಅದು. ಅವನ ಕಿವಿಯೂ ಹಾಗೆಯೇ ಇತ್ತು. ಅವನು ಆಕೆಗೆ ಏನೋ ಹೇಳಿ, ಅಪ್ಪನಿಗೆ ಕೈ ನೀಡಿದ.

ಅಪ್ಪ ಮೇಲೆ ಹತ್ತಿ, ಬಗ್ಗಿ, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಆಮೇಲೆ ತೊಡೆ ತಟ್ಟಿ ಶಡ್ಡು ಹೊಡೆದ. ಆ ಸದ್ದು ಕೇಳಿ ಊಟದ ಮಳಿಗೆಗಳ ಮುಂದಿದ್ದವರೂ ತಿರುಗಿ ನೋಡಿದರು. ಚಿಕ್ಕಂದಿನಲ್ಲಿ ಗೋಡೆಯ ಆಚೆಯಿಂದ ಕೇಳಿದ ಸದ್ದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಅಪ್ಪ ಆ ದೈತ್ಯನ ಸೊಂಟಪಟ್ಟಿ ಹಿಡಿದು ನೂಕಿದ. ನಿಂತ ಬಸ್ಸನ್ನು ಒಬ್ಬನೇ ನೂಕಿದ ಹಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಮಲ್ಲ, ಮುದುಕರ ಮೇಲಿನ ಗೌರವಕ್ಕೆ, ತಾನೇ ಒಂದೊಂದು ಹೆಜ್ಜೆ ಹಿಂದೆ ಸರಿಯತೊಡಗಿದ. ಜನ ಚಪ್ಪಾಳೆ ತಟ್ಟಿದರು. ಹಗ್ಗದ ಹತ್ತಿರ ಬಂದಾಗ ಅಪ್ಪ ತಟಕ್ಕನೆ ನಿಂತು ತಲೆ ಅಲ್ಲಾಡಿಸಿದ. "ಸುಳ್ಳ ಕುಸ್ತಿ ಬ್ಯಾಡೋ ತಮ್ಮಾ. ಖರೇ ಆಡು."

ಗೋಕಾಕದ ಮಾತು ಆ ಜಪಾನಿನವನಿಗೆ ಹೇಗೆ ತಿಳಿಯಿತೋ. ಮುಖದ ನಗು ಆರಿತು. ತಲೆ ಬಗ್ಗಿಸಿದ. ಅಪ್ಪನ ಸೊಂಟಕ್ಕೆ ಕೈ ಹಾಕಿ ಎತ್ತಿ, ಹೂದಾನಿಯನ್ನು ಮೇಜಿನ ಮೇಲಿಡುವಷ್ಟು ಜೋಪಾನವಾಗಿ ಹಗ್ಗದ ಆಚೆ ಇಟ್ಟ. ಸೋತ ಅಪ್ಪ ಕೈ ಮುಗಿದು, ಬಾಯಿ ತುಂಬ ನಕ್ಕ. ಸಿಂಗಪುರಕ್ಕೆ ಬಂದ ಮೇಲೆ ಅವನ ಹಿಂದಿನ ಹಲ್ಲುಗಳು ನನಗೆ ಕಂಡದ್ದು ಆವತ್ತೇ.

ಆಮೇಲೆ ಊಟ. ಮಲ್ಲರು ದಿನವೂ ತಿನ್ನುವ ಚಾಂಕೊ ಎಂಬ ಸಾರು ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಕುದಿಯುತ್ತಿತ್ತು. ಕೋಳಿ, ಮೀನಿನ ಉಂಡೆ, ಕೋಸು, ಅಣಬೆ, ತೋಫು ಎಲ್ಲ ಒಟ್ಟಿಗೆ. ಸುಧಾಕರ ಎರಡನೇ ಬಟ್ಟಲಿಗೆ ಹೋಗಿದ್ದರು. ಅಪ್ಪ ಲಿಂಗಾಯತ ಪೈಲ್ವಾನ, ಮಾಂಸ ಮುಟ್ಟಿದವನಲ್ಲ. ಅದನ್ನು ತಿಳಿದ ಆ ನಿವೃತ್ತ ಮಲ್ಲ ತಾನೇ ಒಂದು ಸಣ್ಣ ಪಾತ್ರೆ ಇಟ್ಟು, ಕಡಲ ಪಾಚಿಯ ನೀರಿನಲ್ಲಿ ಬರೀ ತರಕಾರಿ, ತೋಫು ಬೇಯಿಸಿ ತಂದ. ಬಡಿಸುತ್ತ, ಮಲ್ಲರಿಗೆ ಕೋಳಿಯೇ ಶುಭ, ಅದು ಎರಡು ಕಾಲಿನ ಮೇಲೆ ನಿಲ್ಲುತ್ತದೆ; ನಾಲ್ಕು ಕಾಲಿನ ಪ್ರಾಣಿಯೆಂದರೆ ಕೈ ನೆಲಕ್ಕೆ ಊರಿ ಸೋತ ಹಾಗೆ ಎಂದ. ಮೈಕಿನ ಹುಡುಗಿ ಇಂಗ್ಲಿಷಿಗೆ ತಂದಳು, ನಾನು ಕನ್ನಡಕ್ಕೆ ತಂದೆ. ಅಪ್ಪ ಬಟ್ಟಲಿನಿಂದ ಒಂದು ಎಲೆ ಎತ್ತಿ ತೋರಿಸಿ, "ಕೋಸಿಗೆ ಕಾಲ ಇಲ್ಲ. ಅದು ಬೀಳೂದು ಹ್ಯಾಂಗ?" ಎಂದ. ಅದು ಎರಡು ಭಾಷೆ ದಾಟಿ ಹೋದ ಮೇಲೆ ನಗುವಿಗೆ ಮಲ್ಲನ ಹೊಟ್ಟೆ ಅಲುಗಿದ ರಭಸಕ್ಕೆ ಬೆಂಚೂ ಅಲುಗಿತು. ಅವನು ಅಪ್ಪನ ಕಿವಿ ಮುಟ್ಟಿ ನೋಡಿದ, ಅಪ್ಪ ಅವನ ಕಿವಿ ಹಿಂಡಿ ನೋಡಿದ. ಆಮೇಲೆ ಇಬ್ಬರಿಗೂ ನನ್ನ ಅನುವಾದ ಬೇಕಾಗಲಿಲ್ಲ. ಅಪ್ಪ ಬಟ್ಟಲು ತುಂಬಿಸಿಕೊಳ್ಳುತ್ತಲೇ ಇದ್ದ.

ಅದು ಮೇಳದ ಕೊನೆಯ ದಿನ. ಸಂಜೆ ಪುಟ್ಟದೊಂದು ಪೂಜೆಯಂಥದ್ದು ಮಾಡಿ ಕಣದ ದೇವರನ್ನು ಕಳಿಸಿಕೊಟ್ಟರು. ಕೂಡಲೇ ಕೆಲಸದವರು ಗುದ್ದಲಿ ಹಿಡಿದು ಜಗಲಿಯನ್ನು ಅಗೆಯತೊಡಗಿದರು. ಗಟ್ಟಿ ಮಣ್ಣು ಒಡೆದು, ಪುಡಿಯಾಗಿ, ಮೆತ್ತಗೆ ಹರಡಿಕೊಂಡಿತು. ಅಪ್ಪ ಹಿಡಿ ಮಣ್ಣು ಎತ್ತಿ ಉದುರಿಸಿ, "ಈಗ ನೋಡು ಮಣ್ಣಾತು" ಎಂದ. ಮೈಕಿನ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. "ದೇವರು ಊರಿಗೆ ಹೋದ" ಎಂದು ಇಂಗ್ಲಿಷಿನಲ್ಲಿ ಹೇಳಿ, ಕೆಲಸದವರ ಒಪ್ಪಿಗೆ ಕೇಳಿ, ಶೂ ಬಿಚ್ಚಿ ಮೆಲ್ಲಗೆ ಹತ್ತಿದಳು. ತನಗೂ ಇದೇ ಮೊದಲು ಎಂದಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕೈಗೆ ಅಂಟಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ನನ್ನ ಕೈಯಿಂದ ಬ್ಯಾಗ್ ಇಸಿದುಕೊಂಡ.

"ಹೋಗವ್ವಾ. ಚಪ್ಪಲಿ ಇಲ್ಲೇ ಬಿಡು."

ಕಾಲು ಗಿಣ್ಣಿನವರೆಗೆ ತಂಪು ಮಣ್ಣಿಗೆ ಇಳಿಯಿತು. ಇಷ್ಟು ವರ್ಷ ಬಯಸಿದ ಜಾಗಕ್ಕೆ ಬಂದವಳಿಗೆ ಅಲ್ಲಿ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಶಾಪಿಂಗ್ ಮಾಲ್‌ನಲ್ಲಿ ದಾರಿ ತಪ್ಪಿದವಳಂತೆ ನಿಂತೆ. "ಶಡ್ಡು ಹೊಡಿ" ಎಂದ ಅಪ್ಪ ಕೆಳಗಿನಿಂದ. ಒಂದು ಕಾಲೆತ್ತಿ ತೊಡೆ ತಟ್ಟಿದೆ. ಎತ್ತಿದ ಕಾಲು ಎಲ್ಲಿಟ್ಟೆನೋ, ಎದುರಾಳಿಯೇ ಇಲ್ಲದ ಕಣದಲ್ಲಿ ಅಂಗಾತ ಬಿದ್ದೆ. ನೋವಾಗಲಿಲ್ಲ. ಮಣ್ಣು ಹಿಡಿದುಕೊಂಡಿತು. "ಚಿತ್" ಎಂದು ಅಪ್ಪ ಘೋಷಿಸಿದ. ನಾನು ಹಾಗೆಯೇ ಸ್ವಲ್ಪ ಹೊತ್ತು ಮಲಗಿದ್ದೆ, ಪೆಟ್ಟಾಗಿರಬೇಕೆಂದು ಸುಧಾಕರ ಓಡಿ ಬರುವವರೆಗೆ.

ಅಪ್ಪ ಟಿಕೆಟ್ ಮುಂಚೆ ಮಾಡಿಸಲಿಲ್ಲ. ಇದ್ದಷ್ಟು ದಿನ ಬರ್ಮುಡಾ ಹಾಕಿಕೊಂಡೇ ದಂಡ ಹೊಡೆದು, ಅದೇ ಗಾರ್ಡ್‌ಗೂ ಒಂದಷ್ಟು ಬಸ್ಕಿ ಕಲಿಸಿ, ಊರಿಗೆ ಹೋದ. ಗರಡಿಯಲ್ಲಿ ಈಗ ಅವನ ಸುತ್ತ ಹುಡುಗರ ಗದ್ದಲ. ಫೋನ್ ಮಾಡಿದರೆ ಆ ಗದ್ದಲದಲ್ಲಿ ನನ್ನ ಮಾತೇ ಅವನಿಗೆ ಕೇಳುವುದಿಲ್ಲ. ಒಮ್ಮೆ ಕಾಲಿಟ್ಟರೆ ಹಂಬಲ ತೀರುತ್ತದೆ ಎಂದುಕೊಂಡಿದ್ದೆ. ಮೊದಲು ಬರೀ ಮೂಗಿಗೆ ಇದ್ದದ್ದು ಈಗ ಕಾಲಿಗೂ ಬೆನ್ನಿಗೂ ಹತ್ತಿದೆ. ಮೊನ್ನೆ ಆಫೀಸಿನ ಹತ್ತಿರ ಯಾವುದೋ ಕಟ್ಟಡಕ್ಕೆ ಪಾಯ ತೋಡುತ್ತಿದ್ದರು. ಮಳೆ ಬಿದ್ದು ಕೆಮ್ಮಣ್ಣು ಒದ್ದೆಯಾಗಿತ್ತು. ಬೇಲಿಯ ಸಂದಿಗೆ ಮೂಗು ತೂರಿಸಿ ನಿಂತಿದ್ದ ನನ್ನನ್ನು ನೋಡಿ ಹೆಲ್ಮೆಟ್ ಹಾಕಿದ ಸೂಪರ್‌ವೈಸರ್ ಬಂದು, "ಮ್ಯಾಡಮ್, ದಾರಿ ತಪ್ಪಿತಾ?" ಎಂದು ಕೇಳಿದ. ಹೌದೆಂದೆ. ಪಾಪ, ಎಂಆರ್‌ಟಿ ರೈಲು ಸ್ಟೇಷನ್‌ಗೆ ಹೇಗೆ ಹೋಗಬೇಕೆಂದು ಕೈ ಮಾಡಿ ಮಾಡಿ ತೋರಿಸಿದ. ನಾನು ದಿನವೂ ಓಡಾಡುವ ಆ ದಾರಿಯನ್ನು ಮನಸ್ಸಿಟ್ಟು ಕೇಳಿಸಿಕೊಂಡು, ಥ್ಯಾಂಕ್ಯೂ ಹೇಳಿ, ಅವನು ತೋರಿಸಿದ ಕಡೆಗೇ ನಡೆದೆ.